ಹತ್ತು–ಇಳಿ, ಆನ್–ಆಫ್: ಚಿನ್ನದ ಗಣಿಯ ಸೀಮೆಯಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಕಲಿಕೆ

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಇಂಗ್ಲಿಷ್ ಭಾಷೆಯು ಶಾಲೆಯ ಪುಸ್ತಕದ ಮೂಲಕವಷ್ಟೇ ಬರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ, ಕೆಲಸದ ಅಪ್ಪಣೆ, ಯಂತ್ರಗಳ ಹೆಸರು ಮತ್ತು ಶಿಫ್ಟುಗಳ ಲೆಕ್ಕದ ಜೊತೆಗೆ ಅದು ಕಾರ್ಮಿಕರ ಮನೆಗಳನ್ನೂ ಹೊಕ್ಕಿತು. ಉತ್ತರ ಆರ್ಕಾಟು ಮತ್ತು ಚಿತ್ತೂರು ಕಡೆಯಿಂದ ಬಂದ ತಮಿಳು ಹಾಗೂ ತೆಲುಗು ಕುಟುಂಬಗಳು, ಆಂಗ್ಲೋ–ಇಂಡಿಯನ್ನರು, ಕಾರ್ನ್‌ವಾಲ್‌ನ ಗಣಿಗಾರರು ಮತ್ತು ಸುತ್ತಲಿನ ಹಳ್ಳಿಗಳ ಕನ್ನಡಿಗರು ಒಂದೇ ಕಡೆ ನೆರೆದ ಈ ನೆಲಕ್ಕೆ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರನ್ನು ಹೊತ್ತಿದ್ದ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ರೈಲಿನ ಹೆಬ್ಬಾಗಿಲಾಗಿತ್ತು.

ಇಂತಹ ನೆಲದ ಪ್ರಾಥಮಿಕ ಶಾಲೆಯಲ್ಲಿ ವಿರುದ್ಧಾರ್ಥಕ ಕ್ರಿಯಾಪದಗಳನ್ನು, ಎಂದರೆ ಒಂದು ಕ್ರಿಯೆಯನ್ನೂ ಅದಕ್ಕೆ ಎದುರಾದ ಕ್ರಿಯೆಯನ್ನೂ ಹೇಳುವ ಜೋಡಿಗಳನ್ನು, ಕಲಿಸುವ ಕೆಲಸವು ತೋರುವಷ್ಟು ಸರಳವಲ್ಲ. ಕನ್ನಡದ ಹತ್ತು–ಇಳಿ, ತಮಿಳಿನ ಏರು–ಇರಂಗು, ತೆಲುಗಿನ ಎಕ್ಕು–ದಿಗು ಎಂಬ ಜೋಡಿಗಳಲ್ಲಿ ವಿರೋಧವು ಧಾತುವಿನಲ್ಲೇ, ಅಂದರೆ ಕ್ರಿಯಾಪದದ ಮೂಲರೂಪದಲ್ಲೇ, ಅಡಗಿದೆ. ಪದ ಬದಲಾದರೆ ದಿಕ್ಕೂ ಬದಲಾಗುತ್ತದೆ. ಇಂಗ್ಲಿಷಿನಲ್ಲಾದರೋ ಅನೇಕ ವೇಳೆ ಧಾತು ಹಾಗೆಯೇ ನಿಂತು, ಟೈ–ಅನ್‌ಟೈ ಎಂಬಲ್ಲಿಯಂತೆ ಮೊದಲಿಗೆ ಸೇರುವ ಪೂರ್ವಪ್ರತ್ಯಯವೋ, ಗೆಟ್ ಆನ್–ಗೆಟ್ ಆಫ್ ಎಂಬಲ್ಲಿಯಂತೆ ಹಿಂದೆ ಬರುವ ಪುಟ್ಟ ಪದವೋ ಅರ್ಥವನ್ನು ತಿರುಗಿಸುತ್ತದೆ. ಮಗುವಿನ ಕಿವಿಗೆ ಎಲ್ಲಕ್ಕಿಂತ ಕಡಿಮೆ ಬೀಳುವ ಭಾಗದ ಮೇಲೆಯೇ ಅರ್ಥದ ಪೂರ್ಣಭಾರ ಬೀಳುವುದು ಇಲ್ಲಿಯ ನಿಜವಾದ ತೊಡಕು.

ಇದಕ್ಕೆ ‘ಹಾಕು–ತೆಗೆ’ ಎಂಬ ಕನ್ನಡ ಜೋಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕನ್ನಡದ ಮಗು ಬಾಗಿಲು ಹಾಕುತ್ತದೆ, ಬಾಗಿಲು ತೆಗೆಯುತ್ತದೆ. ಬೀಗ ಹಾಕುತ್ತದೆ, ಬೀಗ ತೆಗೆಯುತ್ತದೆ. ಅಂಗಿ ಹಾಕಿಕೊಳ್ಳುತ್ತದೆ, ಅಂಗಿ ತೆಗೆಯುತ್ತದೆ. ಇದೇ ಮೂರು ಕೆಲಸಗಳಿಗೆ ಇಂಗ್ಲಿಷು ಶಟ್–ಓಪನ್, ಲಾಕ್–ಅನ್‌ಲಾಕ್, ಪುಟ್ ಆನ್–ಟೇಕ್ ಆಫ್ ಎಂಬ ಮೂರು ಬೇರೆ ಜೋಡಿಗಳನ್ನು ಕೇಳುತ್ತದೆ. ಆದ್ದರಿಂದ ‘ತೆಗೆ’ ಎಂಬುದಕ್ಕೆ ಒಂದೇ ಇಂಗ್ಲಿಷ್ ಪದವನ್ನು ಕಂಠಪಾಠ ಮಾಡಿದ ಮಗು ಬಾಗಿಲನ್ನು ‘ರಿಮೂವ್’ ಮಾಡಿದರೆ ಅದು ಮಗುವಿನ ದಡ್ಡತನವಲ್ಲ. ಪದವನ್ನು ವಾಕ್ಯದಿಂದ ಕಿತ್ತು ಪಟ್ಟಿಯಲ್ಲಿ ಕೂರಿಸಿದ ಪಾಠದ ದೋಷ.

ಗಣಿಯ ಬದುಕು ಕೆಲವು ಜೋಡಿಗಳನ್ನು ಶಾಲೆಗಿಂತ ಮುಂಚೆಯೇ ಕಲಿಸಿತ್ತು. ಶಿವನಸಮುದ್ರದ ಜಲವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ತಂತಿಯ ಮೂಲಕ 1902ರಲ್ಲಿ ಇಲ್ಲಿಗೆ ಬಂತು. ಬೆಂಗಳೂರಿಗೆ ಅದು ತಲುಪಿದ್ದು 1905ರಲ್ಲಿ. ವಿದ್ಯುತ್ತಿನ ಹಿಂದೆಯೇ ಬಂದ ‘ಆನ್’ ಮತ್ತು ‘ಆಫ್’ ಎಂಬ ಪುಟ್ಟ ಪದಗಳಿಗೆ ಜನರ ಮಾತು ಮಾಡಿದ ಸಂಸ್ಕಾರ ಗಮನಾರ್ಹವಾದುದು: ‘ಸ್ವಿಚ್’ ಎಂಬ ಧಾತುವನ್ನು ಬಿಟ್ಟು, ವಿರೋಧವನ್ನು ಹೇಳುವ ತುಣುಕನ್ನಷ್ಟೇ ಉಳಿಸಿಕೊಂಡು, ಅದಕ್ಕೆ ‘ಮಾಡು’ ಸೇರಿಸಿ ‘ಆನ್ ಮಾಡು’, ‘ಆಫ್ ಮಾಡು’ ಎಂಬ ಕನ್ನಡ ಕ್ರಿಯಾಪದಗಳನ್ನು ಅದು ಕಟ್ಟಿಕೊಂಡಿತು. ಅರ್ಥ ಎಲ್ಲಿ ನೆಲೆಸಿದೆಯೆಂಬುದನ್ನು ವ್ಯಾಕರಣ ಓದದ ಜನ ಇಷ್ಟು ನಿಖರವಾಗಿ ಹಿಡಿದರೆಂಬುದು ಮೆಚ್ಚತಕ್ಕ ಸಂಗತಿ. ತರಗತಿಯಲ್ಲಿ ಮಗು ‘ಆಫ್ ದ ಫ್ಯಾನ್’ ಎಂದಾಗ ತಿದ್ದಬೇಕಾದದ್ದು ಬಿಟ್ಟುಹೋದ ಧಾತುವನ್ನು ಮಾತ್ರ; ವಿರೋಧದ ತಿಳಿವಳಿಕೆ ಅಲ್ಲಿ ಆಗಲೇ ಇದೆ.

ಬೋಧನಾಕ್ರಮವು ಈ ತಿಳಿವಳಿಕೆಯ ಹತ್ತಿರ ಬಂದದ್ದು ನಿಧಾನವಾಗಿ. ಅನುವಾದ ಮತ್ತು ಕಂಠಪಾಠಗಳ ದೀರ್ಘಕಾಲದ ನಂತರ, 1950ರ ದಶಕದಿಂದ ಭಾರತದಲ್ಲಿ ಹಬ್ಬಿದ ರಚನಾ ಪದ್ಧತಿಯು, ಅಂದರೆ ವಾಕ್ಯದ ಅಚ್ಚುಗಳನ್ನು ಸನ್ನಿವೇಶದೊಡನೆ ಬಾಯಿಮಾತಿನಲ್ಲಿ ರೂಢಿಸುವ ಕ್ರಮವು, ಕ್ರಿಯಾಪದವನ್ನು ಕೈಗೆ ತಂದಿತು: ಶಿಕ್ಷಕರು ಪೆಟ್ಟಿಗೆಯ ಮುಚ್ಚಳವನ್ನು ಎತ್ತುತ್ತ ‘ಐ ಆಮ್ ಓಪನಿಂಗ್ ದ ಬಾಕ್ಸ್’ ಎನ್ನುವುದು, ಮುಚ್ಚುತ್ತ ಅದರ ಎದುರು ವಾಕ್ಯವನ್ನು ಹೇಳುವುದು, ಮಕ್ಕಳು ಮಾಡುತ್ತಲೇ ನುಡಿಯುವುದು. 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ದಕ್ಷಿಣ ರಾಜ್ಯಗಳಲ್ಲಿ ಇಂಗ್ಲಿಷ್ ಕಲಿಸುವವರ ತರಬೇತಿಗೆ ನೆಲೆಯಾಯಿತು. ಅದರೊಂದಿಗೆ ಸೇರಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ಬೆಂಗಳೂರು ಯೋಜನೆಯೆಂದೇ ಜಗತ್ತಿಗೆ ಪರಿಚಿತವಾದ ಪ್ರಯೋಗವು, ವಾಕ್ಯದ ಅಚ್ಚನ್ನೂ ಹಿಂದೆ ಸರಿಸಿ, ನಕ್ಷೆ ನೋಡಿ ದಾರಿ ಹೇಳುವಂಥ ಅಥವಾ ವೇಳಾಪಟ್ಟಿಯಿಂದ ಉತ್ತರ ಹುಡುಕುವಂಥ ಬುದ್ಧಿಗೆ ಕೆಲಸ ಕೊಡುವ ಚಟುವಟಿಕೆಗಳನ್ನು ಮುಂದಿಟ್ಟಿತು. 2007–08ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಸೇರಿದ ಮೇಲೆ ಈ ಪ್ರಶ್ನೆಗಳು ಆರು ವರ್ಷದ ಮಗುವಿನ ಹಲಗೆಯವರೆಗೂ ಬಂದವು.

ತೊಡಕು ತಿರುವುಮುರುವಾಗಿಯೂ ಬರುವುದುಂಟು. ಕಲಿ–ಕಲಿಸು ಎಂಬಲ್ಲಿ ಕನ್ನಡವೇ ಧಾತುವನ್ನು ಉಳಿಸಿಕೊಂಡು ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯದಿಂದ, ಅಂದರೆ ಇನ್ನೊಬ್ಬರಿಂದ ಮಾಡಿಸುವುದನ್ನು ಹೇಳುವ ಪ್ರತ್ಯಯದಿಂದ, ಕೆಲಸ ಮುಗಿಸುತ್ತದೆ. ಇಂಗ್ಲಿಷು ಲರ್ನ್–ಟೀಚ್ ಎಂದು ಎರಡು ಧಾತುಗಳನ್ನು ಬಳಸುತ್ತದೆ. ‘ಹೋಗು’ ಎಂಬುದರ ವಿರುದ್ಧ ‘ಬಾ’ ಎಂಬುದೇ ಹೊರತು ‘ಹೋಗಬೇಡ’ ಎಂಬ ನಿಷೇಧವಲ್ಲ ಎಂಬ ಭೇದವನ್ನು ಮಗುವಿಗೆ ಮೊದಲು ಅದರ ಮನೆಮಾತಿನಲ್ಲೇ ತೋರಿಸಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಕಾರ್ಮಿಕರನ್ನು ಆಳಕ್ಕೆ ಇಳಿಸಿ ಮೇಲಕ್ಕೆ ಎತ್ತುತ್ತಿದ್ದ ಕೇಜುಗಳು ನಿಂತವು; ಮಾರಿಕುಪ್ಪಂ ಮತ್ತು ಬಂಗಾರಪೇಟೆಗಳಿಂದ ಬೆಂಗಳೂರಿಗೆ ದುಡಿಯಲು ಹೋಗುವವರ ರೈಲುಗಳು ತುಂಬಿದವು. ಅವರ ಮಕ್ಕಳಿಗೆ ಇಂದು ಹತ್ತು–ಇಳಿ ಎಂದರೆ ರೈಲಿನ ಮಾತು. ಮೆಟ್ಟಿಲು, ಮರ, ಬೆಟ್ಟ, ರೈಲು ಎಲ್ಲಕ್ಕೂ ಕನ್ನಡದಲ್ಲಿ ‘ಹತ್ತು’ ಒಂದೇ ಸಾಕು. ಇಂಗ್ಲಿಷಿನಲ್ಲಿ ಬೆಟ್ಟಕ್ಕೆ ‘ಕ್ಲೈಂಬ್’, ಮೆಟ್ಟಿಲಿಗೆ ‘ಗೋ ಅಪ್’, ಬೆಳಗಿನ ರೈಲಿಗೆ ‘ಗೆಟ್ ಆನ್’.