ಸಂತೆಯ ಹ್ಯಾಟೆ ತಂದ ಕೆಮ್ಮು

ನಮ್ಮ ತಾಳವಾಡಿ ಸೀಮೆಯಲ್ಲಿ ಒಂದೇ ಕೋಳಿ ಜಾಡ್ಯಕ್ಕೆ ಮೂರು ಹೆಸರು. ಮನೆಯಲ್ಲಿ ಅದು ಕೊಕ್ಕರೆ ರೋಗ. ದನದ ಆಸ್ಪತ್ರೆಯಲ್ಲಿ ತಮಿಳಿನ ‘ವೆಳ್ಳೈ ಕಳಿಚ್ಚಲ್’, ಅಂದರೆ ಬಿಳಿ ಭೇದಿ. ಲಸಿಕೆಯ ಸೀಸೆ ಮೇಲೆ ರಾಣಿಖೇತ್. ತಮಿಳಿನವರು ಹಿಕ್ಕೆ ನೋಡಿ ಹೆಸರಿಟ್ಟರು, ಸರ್ಕಾರದವರು ಊರು ನೋಡಿ ಹೆಸರಿಟ್ಟರು. ಹಿಮಾಲಯದ ಮಗ್ಗುಲಲ್ಲಿರುವ ಆ ಊರಿನ ಹೆಸರು ನಮ್ಮ ಹಟ್ಟಿಯ ಕೋಳಿಗೂಡಿಗೆ ಹೇಗೆ ಬಂತು ಅನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಇತ್ತು.

ನಾನು ಸಣ್ಣ ಸ್ಕೂಲಿನಲ್ಲಿದ್ದಾಗ ಅವ್ವ ಸಂತೆಯಿಂದ ಎರಡು ಹ್ಯಾಟೆ ತಂದಳು. ಅಗ್ಗಕ್ಕೆ ಸಿಕ್ಕಿದ್ದವು. ಸಂಜೆಗೇ ಅವನ್ನು ಮನೆಯ ಹದಿನಾಲ್ಕು ಕೋಳಿಯ ಜೊತೆ ಒಂದೇ ಗೂಡಿಗೆ ಬಿಟ್ಟಳು. ಮೂರನೇ ದಿನ ಹೊಸ ಹ್ಯಾಟೆಯೊಂದು ಕತ್ತು ಚಾಚಿ, ಬಾಯಿ ಬಿಟ್ಟುಕೊಂಡು ಗೊರ ಗೊರ ಅನ್ನತೊಡಗಿತು. ‘ಹುಳ ಆಗದೆ ಕಣವ್ವ, ಹುಳದ ಔಷಧಿ ಹಾಕು’ ಅಂದರು ಪಕ್ಕದ ಮನೆ ಅಜ್ಜಿ. ಅವ್ವ ಹಾಕಿದಳು. ಹನ್ನೆರಡು ದಿನಕ್ಕೆ ಗೂಡು ಖಾಲಿ. ಆ ವರ್ಷ ನನ್ನ ಪುಸ್ತಕದ ದುಡ್ಡು ಆ ಕೋಳಿಗಳಿಂದಲೇ ಬರಬೇಕಿತ್ತು.

ಅಜ್ಜಿ ಹೇಳಿದ್ದು ಪೂರಾ ಸುಳ್ಳೇನಲ್ಲ. ಕೋಳಿಯ ಉಸಿರು ಕಟ್ಟಿಸುವ ಹುಳ ನಿಜಕ್ಕೂ ಉಂಟು. ಅದು ಇರುವುದು ಹೊಟ್ಟೆಯಲ್ಲಲ್ಲ, ಉಸಿರಿನ ಕೊಳವೆಯಲ್ಲಿ. 1797ರಲ್ಲಿ ಅಮೆರಿಕದ ಬಾಲ್ಟಿಮೋರ್ ಪಟ್ಟಣದ ವೀಸೆಂಥಾಲ್ ಎಂಬ ವೈದ್ಯರು ಬಾಯಿ ಬಿಟ್ಟು ಬಿಟ್ಟು ಸಾಯುವ ಕೋಳಿಗಳ ಕೊಳವೆ ಸೀಳಿ ನೋಡಿ, ಒಳಗಿದ್ದ ಕೆಂಪು ಹುಳಗಳನ್ನು ಕಂಡು ಬರೆದಿಟ್ಟರು. ಗಂಡು ಹೆಣ್ಣು ಎರಡೂ ಬಿಡದೆ ಅಂಟಿಕೊಂಡು ಕವಣೆಯ ಕವಲಿನ ಹಾಗೆ ಕಾಣುತ್ತವೆ. ಆಗಿನ ಚಿಕಿತ್ಸೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗರಿಯೊಂದರ ಎಳೆಗಳನ್ನು ತುದಿಯಲ್ಲಿ ಮಾತ್ರ ಉಳಿಸಿ ಮಿಕ್ಕದ್ದು ಕಿತ್ತು, ಅದನ್ನು ಕೋಳಿಯ ಗಂಟಲಿಗೆ ಇಳಿಸಿ, ತಿರುವಿ, ಹುಳ ಸುತ್ತಿಕೊಂಡ ಮೇಲೆ ಮೆಲ್ಲಗೆ ಎಳೆಯುವುದು!

ಅದು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇನ್ನೂ ತೊಂಬತ್ತು ವರ್ಷ ಹಿಡಿಯಿತು. 1880ರ ದಶಕದಲ್ಲಿ ನ್ಯೂಯಾರ್ಕ್ ಸೀಮೆಯ ವಾಕರ್ ಎಂಬವರು ಎರೆಹುಳದ ಪಾತ್ರವನ್ನು ತೋರಿಸಿದರು. ಕೋಳಿ ಕೆಮ್ಮಿದಾಗ ಮೊಟ್ಟೆ ಬಾಯಿಗೆ ಬಂದು, ನುಂಗಿ, ಹಿಕ್ಕೆಯಲ್ಲಿ ಹೊರಬೀಳುತ್ತದೆ. ಎರೆಹುಳ ಅದನ್ನು ತಿನ್ನುತ್ತದೆ, ಮರಿಹುಳ ಅದರ ಮೈಯಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಮಳೆ ಬಿದ್ದು ತಿಪ್ಪೆ ಕೆದಕಿದ ಕೋಳಿಗೆ ಅದು ಪುಕ್ಕಟೆ ಊಟ. ಎಳೆ ಮರಿಗಳಿಗೇ ಇದರ ಕಾಟ ಹೆಚ್ಚು.

ಔಷಧಿಯ ಕಥೆಯಲ್ಲೂ ಒಂದು ತೊಡಕಿದೆ. 1950ರ ದಶಕದಲ್ಲಿ ಬಳಕೆಗೆ ಬಂದ ಪಿಪರಜೀನ್ ಕರುಳಿನ ದುಂಡುಹುಳಕ್ಕೆ ಒಳ್ಳೆಯದು, ಗಂಟಲಹುಳಕ್ಕೆ ನಾಟುವುದಿಲ್ಲ. 1961ರ ಥಯಾಬೆಂಡಜೋಲ್, ಅದರ ವಂಶದಲ್ಲೇ ಆಮೇಲೆ ಬಂದ ಫೆನ್‌ಬೆಂಡಜೋಲ್‌ ಇವು ಬಂದ ಮೇಲೆ ಗರಿಯ ಕೆಲಸ ತಪ್ಪಿತು. ಹಾಗಾಗಿ ‘ಹುಳದ ಔಷಧಿ ಕೊಟ್ಟೆ’ ಅಂದರೆ ಸಾಲದು, ಯಾವುದು ಕೊಟ್ಟೆ ಎಂದು ಕೇಳಬೇಕು.

ನಮ್ಮ ಗೂಡು ಖಾಲಿ ಮಾಡಿದ್ದು ಮಾತ್ರ ಹುಳವಲ್ಲ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನ ಬಳಿಯೂ ಕೋಳಿಗಳು ಉಸಿರು ಸಿಕ್ಕಿ, ಭೇದಿಯಾಗಿ, ಕತ್ತು ತಿರುಚಿಕೊಂಡು ರಾಶಿ ರಾಶಿ ಸತ್ತವು. ಇದು ಹಳೆಯ ಕೋಳಿಪ್ಲೇಗಲ್ಲ, ಬೇರೆ ವೈರಸ್ ಎಂದು ಡಾಯ್ಲ್ ಎಂಬ ವಿಜ್ಞಾನಿ ತೋರಿಸಿದರು. ಹಡಗಿನಲ್ಲಿ ಬಂದಿರಬೇಕು ಎಂಬುದು ಅವತ್ತಿನ ಊಹೆ. ಮರುವರ್ಷವೇ ಕುಮಾವೂಂ ಬೆಟ್ಟದ ದಂಡಿನ ಊರು ರಾಣಿಖೇತದಲ್ಲಿ ಅದೇ ಸಾವು. ಅದೇ ಬೆಟ್ಟಸಾಲಿನ ಮುಕ್ತೇಶ್ವರದಲ್ಲಿ, ದನಗಳ ದೊಡ್ಡರೋಗಕ್ಕೆಂದು 1893ರಿಂದಲೇ ನಡೆಯುತ್ತಿದ್ದ ಪ್ರಯೋಗಶಾಲೆ ಇತ್ತು. ಅಲ್ಲಿನ ಎಡ್ವರ್ಡ್ಸ್ ಈ ರೋಗವನ್ನು ಪರೀಕ್ಷಿಸಿ ಊರಿನ ಹೆಸರನ್ನೇ ಕೊಟ್ಟರು. ಪಾಪ ರಾಣಿಖೇತ, ಕೋಳಿ ಸತ್ತಲ್ಲೆಲ್ಲ ಅದರ ಹೆಸರು!

ಲಸಿಕೆಯೂ ಅದೇ ಮುಕ್ತೇಶ್ವರದಿಂದ ಬಂತು. ವೈರಸ್ಸನ್ನು ಕಾವಿಟ್ಟ ಮೊಟ್ಟೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಕಸುವು ಇಳಿಸಿ, 1940ರ ದಶಕದಲ್ಲಿ ಲಸಿಕೆ ಮಾಡಿದರು. ಎಂಟು ವಾರ ತುಂಬಿದ ಕೋಳಿಗೆ ರೆಕ್ಕೆಯಡಿ ಚುಚ್ಚುವುದು ಆ ತಳಿಯದೇ. ಎಳೆ ಮರಿಗೆ ಕಣ್ಣಿಗೋ ಮೂಗಿಗೋ ಹಾಕುವ ಹನಿ ಬೇರೆ, ಇನ್ನೂ ಸೌಮ್ಯವಾದದ್ದು. ರೋಗ ಹತ್ತಿದ ಕೋಳಿಗೆ ಎರಡೂ ಉಪಯೋಗವಿಲ್ಲ. ಲಸಿಕೆಗೆ ತಂಪು ತಪ್ಪಬಾರದು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು, ನಮ್ಮ ಮನೆಯಲ್ಲಿ ಎಂಟು ಕೋಳಿ! ಬೀದಿಯವರೆಲ್ಲ ಒಂದೇ ಹೊತ್ತಿಗೆ ಕೋಳಿ ಹಿಡಿದು ಕೂತರೆ ಮಾತ್ರ ಲಸಿಕೆ ದಂಡವಾಗುವುದಿಲ್ಲ. ತಮಿಳುನಾಡಿನ ಪಶುಪಾಲನಾ ಇಲಾಖೆ ಫೆಬ್ರವರಿಯಲ್ಲಿ ಎರಡು ವಾರ ಶಿಬಿರ ಮಾಡುವುದು ಇದಕ್ಕೇ. ಕೋಳಿ ಬೆಳಿಗ್ಗೆ ಗೂಡು ಬಿಟ್ಟ ಮೇಲೆ ಹಿಡಿಯುವುದು ಯಾರಿಂದಾದೀತು? ಹಿಂದಿನ ರಾತ್ರಿಯೇ ಮುಚ್ಚಿಡಬೇಕು.

ಇನ್ನೊಂದು ಕೆಮ್ಮೂ ಇದೆ. ಸಣ್ಣಗೆ ಸೀನುತ್ತ, ಕಣ್ಣಲ್ಲಿ ನೊರೆ ಕಟ್ಟಿಕೊಂಡು, ಸಾಯದೆ ಸೊರಗುವ ಕೋಳಿಯದು. ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಜೀವಿ ಅದಕ್ಕೆ ಕಾರಣ. 1943ರಲ್ಲಿ ಅಮೆರಿಕದವರು ಅದನ್ನು ‘ದೀರ್ಘಕಾಲದ ಉಸಿರಾಟದ ರೋಗ’ ಎಂದು ಕರೆದರು. ತಾಯಿಕೋಳಿಯ ಮೊಟ್ಟೆಯಿಂದಲೇ ಮರಿಗೆ ಬರುತ್ತದೆ, ಸುಮ್ಮನೆ ಅಡಗಿರುತ್ತದೆ. ಕಾಲು ಕಟ್ಟಿಸಿಕೊಂಡು ಬಿಸಿಲಲ್ಲಿ ಬಸ್ಸು ಹತ್ತಿ ಹೊಸ ಮನೆಗೆ ಬಂದ ಕೋಳಿಗೆ ಅದು ತಲೆ ಎತ್ತುತ್ತದೆ. ಕೊಂಡ ವಾರದೊಳಗೆ ಸೀನಿದರೆ ಇದನ್ನೂ ನೆನೆಯಬೇಕು.

ಬಾಯಿ ಬಿಟ್ಟ ಕೋಳಿ ಮೂರು ಜಾಡ್ಯದಲ್ಲೂ ಹೊರಗಿಂದ ಒಂದೇ ಥರ ಕಾಣುತ್ತದೆ. ಸತ್ತದ್ದನ್ನು ದನದ ಡಾಕ್ಟರ ಹತ್ತಿರ ಒಯ್ದು ಕೊಯ್ಯಿಸಿದರೆ ಗೊತ್ತಾದೀತು, ಆದರೆ ನಾವು ಸತ್ತದ್ದನ್ನು ಹಳ್ಳಕ್ಕೆ ಎಸೆಯುತ್ತೇವೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಊರಲ್ಲಿ ಕೋಳಿ ತೂಕಡಿಸಲು ಶುರುವಾದರೆ ನಾವೇ ಉಳಿದವನ್ನು ಮಂಕರಿಗೆ ತುಂಬಿ ಸಂತೆಗೆ ಹೊರುತ್ತೇವೆ, ಸಾಯುವ ಮುಂಚೆ ನಾಲ್ಕು ಕಾಸಾಗಲಿ ಅಂತ. ಅವ್ವನ ಎರಡು ಹ್ಯಾಟೆ ಅಷ್ಟು ಅಗ್ಗಕ್ಕೆ ಯಾಕೆ ಸಿಕ್ಕಿದವು ಎಂದು ನನಗೆ ಹೊಳೆದದ್ದು ಮೇಷ್ಟ್ರಾದ ಮೇಲೆ. ಅವಳಿಗೆ ಅವತ್ತೇ ಹೊಳೆದಿತ್ತಂತೆ. ಆಮೇಲೆ ಯಾವ ಹೊಸ ಕೋಳಿ ತಂದರೂ ಹಿತ್ತಲ ಹುಣಸೆ ಮರದಡಿ ಬೇರೆ ಮಂಕರಿ, ಬೇರೆ ನೀರಿನ ಮಡಕೆ, ಒಂದು ತಿಂಗಳು. ಮೊದಲು ಹಳೆಯವಕ್ಕೆ ಕಾಳು, ಕೊನೆಗೆ ಹೊಸದಕ್ಕೆ. ಈಗ ಅವಳಿಗೆ ಕಣ್ಣು ಮಂಜು, ಹೊತ್ತು ಮುಳುಗಿದ ಮೇಲೆ ಆ ಮಂಕರಿ ಹತ್ತಿರ ಕೂತು ಉಸಿರು ಕೇಳುತ್ತಾಳೆ.