ಸಿಲ್ವರ್ ಬ್ರಿಡ್ಜ್ ಬಿದ್ದ ಮೇಲೆ

1967ರ ಡಿಸೆಂಬರ್ 15, ಸಂಜೆ ಐದರ ಹೊತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ಮತ್ತು ಒಹಾಯೊ ರಾಜ್ಯಗಳನ್ನು ಬೆಸೆದಿದ್ದ ಸಿಲ್ವರ್ ಬ್ರಿಡ್ಜ್ ಮೇಲೆ ವಾಹನಗಳು ಸಾಲುಗಟ್ಟಿದ್ದವು. ಕ್ರಿಸ್‌ಮಸ್ ಹತ್ತಿರವಾಗಿತ್ತು. ನೋಡನೋಡುತ್ತಿದ್ದಂತೆ ಸೇತುವೆ ಒಹಾಯೊ ನದಿಗೆ ಕುಸಿಯಿತು. 46 ಜನ ಸತ್ತರು.

1928ರಲ್ಲಿ ಕಟ್ಟಿದ ಈ ಸೇತುವೆ ತಂತಿಹಗ್ಗದ ಬದಲು ಉಕ್ಕಿನ ಪಟ್ಟಿಗಳ ಸರಪಳಿಯಲ್ಲಿ ತೂಗುತ್ತಿತ್ತು. ಪ್ರತಿ ಕೊಂಡಿಗೂ ಎರಡೇ ಪಟ್ಟಿ. ಅವುಗಳಲ್ಲಿ ಒಂದರ ಕೀಲಿನ ತೂತಿನ ಒಳಅಂಚಿನಲ್ಲಿ ತುಕ್ಕು ಮತ್ತು ಎಳೆತ ಸೇರಿ ಸುಮಾರು 2.5 ಮಿಲಿಮೀಟರ್ ಆಳದ ಬಿರುಕು ಹುಟ್ಟಿತ್ತು. ಕೀಲು ಬಿಚ್ಚದೆ ಅದನ್ನು ಕಾಣುವುದು ಅಸಾಧ್ಯವಾಗಿತ್ತು. ಕಟ್ಟಿದ ಕಾಲಕ್ಕಿಂತ ವಾಹನಗಳ ಭಾರವೂ ಬಹಳ ಏರಿತ್ತು. ಪಟ್ಟಿ ತುಂಡಾದಾಗ ಹೊರೆ ಹೊರಲು ಇನ್ನೊಂದು ದಾರಿಯೇ ಇರಲಿಲ್ಲ. ನಿಜಕ್ಕೂ ಎದೆ ನಡುಗಿಸುವ ಸಂಗತಿ ಇದು.

ಅಲ್ಲಿಯವರೆಗೆ ಹೆದ್ದಾರಿ ಸೇತುವೆಗಳ ತಪಾಸಣೆಗೆ ದೇಶಕ್ಕೆಲ್ಲ ಒಂದೇ ನಿಯಮವಿರಲಿಲ್ಲ. 1968ರ ಕಾನೂನು ಅದಕ್ಕೆ ದಾರಿ ಮಾಡಿತು. 1971ರಲ್ಲಿ ರಾಷ್ಟ್ರೀಯ ಮಾನದಂಡಗಳು ಬಂದವು.

ಹಣದ ಕಥೆ ಇನ್ನೂ ನಿಧಾನ. 1970ರ ಕೇಂದ್ರ ಯೋಜನೆ ಹಳೆ ಸೇತುವೆ ಕೆಡವಿ ಹೊಸದು ಕಟ್ಟಲಷ್ಟೇ ನೆರವು ಕೊಡುತ್ತಿತ್ತು. ಕಾಲಕಾಲಕ್ಕೆ ದುರಸ್ತಿ ಮಾಡಿ ಉಳಿಸಿಕೊಳ್ಳುವವರಿಗಿಂತ, ಹಾಳಾಗಲು ಬಿಟ್ಟವರಿಗೇ ಅನುಕೂಲವಾಗುವ ವ್ಯವಸ್ಥೆ ಅದು. ಪುನಶ್ಚೇತನಕ್ಕೂ ಹಣ ಸೇರಿದ್ದು 1978ರಲ್ಲಿ.

ಈ ನೆರವು ಬರುವ ಕೇಂದ್ರದ ಹೆದ್ದಾರಿ ನಿಧಿಯ ಮುಖ್ಯ ಮೂಲ ಇಂಧನ ತೆರಿಗೆ. ಪೆಟ್ರೋಲಿನ ಮೇಲಿನ ಕೇಂದ್ರ ತೆರಿಗೆ 1993ರಿಂದಲೂ ಗ್ಯಾಲನ್‌ಗೆ 18.4 ಸೆಂಟ್‌ಗೇ ನಿಂತಿದೆ. ಕಬ್ಬಿಣ, ಸಿಮೆಂಟು, ಕೂಲಿ ಏರುತ್ತಲೇ ಇವೆ. ಹಾಗಾಗಿ 2008ರಿಂದ ಈ ನಿಧಿಗೆ ಸಾಮಾನ್ಯ ಬೊಕ್ಕಸದಿಂದ ಮತ್ತೆ ಮತ್ತೆ ಹಣ ತುಂಬಬೇಕಾಯಿತು. 2021ರ ಮೂಲಸೌಕರ್ಯ ಕಾನೂನು ಸೇತುವೆಗಳಿಗೆಂದೇ ಐದು ವರ್ಷಗಳಲ್ಲಿ ರಾಜ್ಯಗಳಿಗೆ ಹಂಚಲು 2,750 ಕೋಟಿ ಡಾಲರ್ ತೆಗೆದಿಟ್ಟಿತು.