ಘಟ್ಟದ ಮೋಡ, ಪೈಲಟ್‌ನ ಲೆಕ್ಕ

ಕೊಡಗಿಗೊಂದು ಕಿರು ವಿಮಾನ ನಿಲ್ದಾಣ ಬೇಕೆಂಬ ಮಾತು ಬಜೆಟ್ಟಿಗೊಮ್ಮೆ, ಚುನಾವಣೆಗೊಮ್ಮೆ ಏಳುತ್ತದೆ. ಕೂಡಿಗೆಯಲ್ಲಿ ಜಾಗವಿದೆ, ರೋಗಿಗಳನ್ನು ಬೇಗ ಸಾಗಿಸಬಹುದು, ವ್ಯಾಪಾರ ಬೆಳೆಯುತ್ತದೆ ಎಂದು ಒಂದು ಕಡೆಯವರು. ಇರುವ ಪ್ರವಾಸಿಗರೇ ಸಾಕು, ಗದ್ದೆ-ಕಾಡು ಉಳಿಯಲಿ ಎಂದು ಇನ್ನೊಂದು ಕಡೆಯವರು. ವಾದ ಎಷ್ಟೇ ಏರಿದರೂ ಒಂದು ಪ್ರಶ್ನೆ ಮಾತ್ರ ಏಳುವುದಿಲ್ಲ: ಮಳೆ ಸುರಿಯುವ ಕಕ್ಕಡ ತಿಂಗಳಲ್ಲಿ ಅಲ್ಲಿ ಮೋಡದ ತಳ ನೆಲದಿಂದ ಎಷ್ಟು ಅಡಿ ಮೇಲಿರುತ್ತದೆ? ನಾವೇ ಕೇಳಿದರೆ ಮೊಬೈಲ್ ತೆಗೆದು ಬಣ್ಣದ ಗಾಳಿನಕ್ಷೆ ತೋರಿಸುತ್ತಾರೆ. ಹವಾಮಾನ ಬಗೆಹರಿದ ಲೆಕ್ಕ, ಉಳಿದಿರುವುದು ಆ್ಯಪ್ ನೋಡುವುದಷ್ಟೇ ಎಂಬ ನಂಬಿಕೆ ಈಗ ಪೈಲಟ್ ತರಬೇತಿಗೆ ಹೊರಟ ಹುಡುಗರಲ್ಲೂ ಕಾಣುತ್ತಿದೆ. ವಿಮಾನ ನಿಲ್ದಾಣಗಳ ಹವಾಮಾನ ಕಚೇರಿಯಲ್ಲಿ ಕೂದಲು ನರೆಸಿಕೊಂಡ ನನ್ನಂಥವನಿಗೆ ಇದನ್ನು ಕೇಳಿಕೊಂಡು ಸುಮ್ಮನಿರುವುದು ಕಷ್ಟ. ಈ ವಿದ್ಯೆ ಎಲ್ಲಿಂದ ಹೊರಟು ಎಲ್ಲಿಗೆ ಬಂತು, ಎಲ್ಲಿ ನಿಂತುಹೋಯಿತು ಎಂಬುದನ್ನು ಕೊಡಗಿನ ಕಡೆಯಿಂದ ನೋಡುವ ಪ್ರಯತ್ನ ಇದು.

ಹೊರಗೆ ಏನೂ ಕಾಣದಿರುವಾಗ ಮುಂದಿನ ಉಪಕರಣಗಳನ್ನಷ್ಟೇ ನಂಬಿ ಹಾರುವ ಪೈಲಟ್‌ಗೆ ಬೇಕಾದ ಹವಾಮಾನವೇ ಬೇರೆ. ಎಷ್ಟು ಇಂಚು ಮಳೆ ಬಿತ್ತು ಎನ್ನುವುದು ಅವನಿಗೆ ದೊಡ್ಡ ಸಂಗತಿಯಲ್ಲ. ಮೋಡದ ತಳ ಎಷ್ಟು ಎತ್ತರದಲ್ಲಿದೆ, ರನ್‌ವೇ ಎಷ್ಟು ದೂರದಿಂದ ಕಾಣುತ್ತದೆ, ಗಾಳಿ ಎದುರಿಗಿದೆಯೋ ಬೆನ್ನಿಗಿದೆಯೋ, ದಾರಿಯಲ್ಲಿ ‘ಸಿಬಿ’ ಇದೆಯೋ – ಅಂದರೆ ಸಿಡಿಲಿನ ಗೋಪುರಮೋಡ – ಇವು ಬೇಕು. ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆಯ ಮೊದಲ ದರ್ಜೆಯಲ್ಲಿ ಪೈಲಟ್ 200 ಅಡಿಯವರೆಗೆ ಕುರುಡಾಗಿ ಇಳಿದು ಬರಬಹುದು. ರನ್‌ವೇ ಮೇಲಿನ ಗೋಚರತೆ 550 ಮೀಟರ್ ಆದರೂ ಇರಬೇಕು. ಆ 200 ಅಡಿಯಲ್ಲಿ ದೀಪ ಕಾಣಲಿಲ್ಲವೆಂದರೆ ಮತ್ತೆ ಮೇಲೇರಲೇಬೇಕು. ಈ ಶಾಸ್ತ್ರದ ಇತಿಹಾಸವೆಲ್ಲ ಆ ಕೊನೆಯ ಕೆಲವು ನೂರು ಅಡಿಗಳ ಸುತ್ತ ಬೆಳೆದದ್ದು.

ಆರಂಭದ ಕಥೆ ಬೇಗ ಮುಗಿಯುತ್ತದೆ. ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಆಗ ಅದರ ಚಿಂತೆಯೆಲ್ಲ ಚಂಡಮಾರುತ ಮತ್ತು ಬರಗಾಲ. ಮೈಸೂರು ಸಂಸ್ಥಾನದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ 1893ರಲ್ಲಿ ಬೆಂಗಳೂರಿನ ವೀಕ್ಷಣಾಲಯ ಕಟ್ಟಿದರು. ಮೇಲಿನ ಗಾಳಿಯನ್ನು ಅಳೆಯಲು ಜೆ.ಎಚ್. ಫೀಲ್ಡ್ 1905ರಲ್ಲಿ ಕರಾಚಿಯಲ್ಲಿ ಗಾಳಿಪಟ ಹಾರಿಸಿದರು. ಬಳಿಕ ಆಗ್ರಾದಲ್ಲಿ ಮೇಲ್‌ವಾಯು ವೀಕ್ಷಣಾಲಯ ಬಂತು. 1929ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ ಮುಚ್ಚಿಕೊಂಡು ಉಪಕರಣ ನೋಡಿಯೇ ಏರಿ ಇಳಿದದ್ದು ಹೊಸ ಯುಗದ ಬಾಗಿಲು.

ನಮ್ಮಲ್ಲಿ ಆ ಬಾಗಿಲು ತೆರೆಯಲು ತಡವಾಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಅಂಚೆ ತಂದರು. ಅಲ್ಲಿಂದ ಮದರಾಸಿಗೆ ಒಯ್ದ ನೆವಿಲ್ ವಿನ್ಸೆಂಟ್ ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. 1935ರಲ್ಲಿ ಬೊಂಬಾಯಿ-ತಿರುವನಂತಪುರ ವಿಮಾನ ಗೋವಾ ಮತ್ತು ಕಣ್ಣೂರಿನಲ್ಲಿ ಇಳಿಯುತ್ತಿತ್ತು. ಕೊಡಗಿನ ಘಟ್ಟದ ಬುಡದಲ್ಲೇ ವಿಮಾನ ಸಂಚಾರ ಶುರುವಾಗಿ ಒಂಬತ್ತು ದಶಕ ಕಳೆದಿದೆ ಎಂದಾಯಿತು. ಆ ಕಾಲದ ಹವಾಮಾನ ಜ್ಞಾನದ ಸಾರ ಒಂದೇ: ಮಳೆಗಾಲವನ್ನು ತಪ್ಪಿಸು. ಬೊಂಬಾಯಿಯ ಜುಹುವಿನ ನೆಲ ಮಳೆಯಲ್ಲಿ ಕೆಸರಾದಾಗ ಟಾಟಾದವರು ಪುಣೆಗೆ ಹೋಗಿ ಅಲ್ಲಿಂದ ಹಾರಿಸುತ್ತಿದ್ದರು. ಅದರಲ್ಲಿ ವಿವೇಕವಿತ್ತು, ಶಾಸ್ತ್ರವಿರಲಿಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಮಂಗಳೂರಿನ ಬಜ್ಪೆ ನಿಲ್ದಾಣ ತೆರೆದ ಮೇಲೆ, ಗುಡ್ಡದ ನೆತ್ತಿಯ ಮೇಲಿನ ರನ್‌ವೇಗೆ ಮುಂಗಾರಿನಲ್ಲೂ ಇಳಿಯಬೇಕಾಯಿತು. ತಪ್ಪಿಸುವ ದಾರಿ ಮುಚ್ಚಿತು.

ಸುದೈವಕ್ಕೆ ಅಷ್ಟರಲ್ಲಿ ಇಲಾಖೆಯೊಳಗೆ ಒಂದು ಪರಂಪರೆ ಗಟ್ಟಿಯಾಗಿತ್ತು. ನಾನು ಅದನ್ನು ಅಳತೆಯವರ ಪರಂಪರೆ ಎನ್ನುತ್ತೇನೆ, ನನ್ನ ಒಲವು ಅಲ್ಲಿಯೇ ಎಂಬುದನ್ನು ಮುಚ್ಚಿಡುವುದಿಲ್ಲ. ಎಸ್.ಪಿ. ವೆಂಕಿಟೇಶ್ವರನ್ ಬಲೂನಿಗೆ ಕಟ್ಟಿ ಬಿಡುವ ರೇಡಿಯೋಸಾಂಡನ್ನು ದೇಶದಲ್ಲೇ ರೂಪಿಸಿದರು. ಪೀರುಮೇಡಿನ ಬೆಟ್ಟದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ಕೆಲಸ ಮಾಡಿ, 1948ರಲ್ಲಿ ಇಲಾಖೆ ಸೇರಿದ ಅನ್ನಾ ಮಣಿ ಮಾಪಕಗಳನ್ನು ಇಲ್ಲೇ ತಯಾರಿಸಿ, ಒಂದು ಊರಿನ ಅಳತೆಯನ್ನು ಇನ್ನೊಂದು ಊರಿನ ಅಳತೆಗೆ ಹೋಲಿಸಬಹುದಾದಂತೆ ಸರಿತೂಗಿಸಿದರು. ತಪ್ಪು ಅಳತೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎಂಬ ಅವರ ನಿಷ್ಠುರತೆಯನ್ನು ಇಂದಿನ ಕಂಪ್ಯೂಟರ್ ಮಾದರಿಕಾರರು ಸ್ವಲ್ಪವಾದರೂ ಕಡ ತೆಗೆದುಕೊಳ್ಳಬೇಕು.

ಆ ಅಳತೆಗಳಿಂದ ಘಟ್ಟದ ಹವಾಮಾನ ಒಂದೊಂದಾಗಿ ಬಿಚ್ಚಿಕೊಂಡಿತು. 1956ರಲ್ಲಿ ಪಿ.ಎ. ಜಾರ್ಜ್, ಕರಾವಳಿಯ ಆಚೆ ಸಮುದ್ರದ ಮೇಲೆ ಏಳುವ ಸಣ್ಣ ಸುಳಿಗಳು ಮಳೆಯನ್ನು ಹೇಗೆ ಏಕಾಏಕಿ ಹೆಚ್ಚಿಸುತ್ತವೆ ಎಂದು ತೋರಿಸಿದರು. ಬೆಳಗ್ಗೆ ಸುಮ್ಮನಿದ್ದ ಬಜ್ಪೆ ಮಧ್ಯಾಹ್ನ ಮುಚ್ಚಿಹೋಗುವುದಕ್ಕೆ ಒಂದು ಕಾರಣ ಸಿಕ್ಕಿತು. 1958ರಲ್ಲಿ ಪಿ. ಕೋಟೇಶ್ವರಮ್ ಮುಂಗಾರಿನ ಮೇಲ್ಮಟ್ಟದಲ್ಲಿ ಪೂರ್ವದಿಂದ ಬೀಸುವ ಜೆಟ್ ಪ್ರವಾಹವನ್ನು ವಿವರಿಸಿದರು. 1966ರಲ್ಲಿ ಆರ್.ಪಿ. ಸರ್ಕಾರ್, ಗಾಳಿ ಘಟ್ಟಕ್ಕೆ ಬಡಿದು ಏರಿದಾಗ ಎಲ್ಲಿ ಎಷ್ಟು ಮಳೆ ಬೀಳಬೇಕೆಂಬುದಕ್ಕೆ ಗಣಿತ ಕಟ್ಟಿದರು.

ಅದೇ 1966ರಲ್ಲಿ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಪ್ರಕಟಿಸಿದ್ದು ಕೊಡಗಿನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು. ಜುಲೈನಲ್ಲಿ ದಕ್ಷಿಣ ಪರ್ಯಾಯ ದ್ವೀಪದ ಮೇಲೆ, ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ 40ರಿಂದ 60 ನಾಟ್ ವೇಗದ ಗಾಳಿಯ ಹೊಳೆಯೊಂದು ಹರಿಯುತ್ತದೆ ಎಂದು ಅವರು ಕಂಡುಕೊಂಡರು. ಮೂರು ವರ್ಷದ ನಂತರ ಫಿಂಡ್ಲೇಟರ್ ಎಂಬ ವಿಜ್ಞಾನಿ ಅದೇ ಪ್ರವಾಹವನ್ನು ಆಫ್ರಿಕದ ಕರಾವಳಿಯಿಂದ ಹಿಂಬಾಲಿಸಿ ಬರೆದರು. ಲೋಕ ಅವರ ಹೆಸರನ್ನೇ ಇಟ್ಟುಕೊಂಡಿತು. ಇರಲಿ. ಒಂದೂವರೆ ಕಿಲೋಮೀಟರ್ ಎಂದರೆ ಏನು? ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712, ಬ್ರಹ್ಮಗಿರಿ 1,608. ಗಾಳಿಹೊಳೆಯ ನಡುಮಟ್ಟವೂ ಕೊಡಗಿನ ಬೆಟ್ಟಸಾಲಿನ ನೆತ್ತಿಯೂ ಹೆಚ್ಚುಕಡಿಮೆ ಒಂದೇ. ಆ ಗಾಳಿ ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಕೆಳಮುಖದ ಸೆಳೆತ, ಅಲೆ, ಕುಲುಕು ಹುಟ್ಟುತ್ತವೆ. ಕೂಡಿಗೆ ಇರುವ ಕುಶಾಲನಗರದ ಕಡೆ ಮಳೆ ಕಡಿಮೆ, ಆದ್ದರಿಂದ ಹಾರಾಟ ಸಲೀಸು ಎನ್ನುವವರು ಜೋಸೆಫ್-ರಾಮನ್ ಅವರ ಈ ಒಂದು ಪ್ರಬಂಧ ಓದಿದರೂ ಸಾಕು.

ನನ್ನ ತಲೆಮಾರು ಈ ಪರಂಪರೆಯ ಉಪ್ಪು ತಿಂದು ಬೆಳೆದದ್ದು. ವರದಿಯ ಭಾಷೆ ಆಗಲೇ ಜಾಗತಿಕವಾಗಿ ನಿಶ್ಚಯವಾಗಿತ್ತು: 1948ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹವಾಮಾನ ಸೇವೆಯ ನಿಯಮಾವಳಿ ತಂದಿತ್ತು, 1968ರಲ್ಲಿ ಮೆಟಾರ್ ಎಂಬ ಸಂಕೇತ ವರದಿ ಬಂದಿತ್ತು. ಆದರೆ ಅಂಕಿ ಹುಟ್ಟುತ್ತಿದ್ದುದು ಮನುಷ್ಯನ ಕಣ್ಣಿನಲ್ಲಿ. ಆಕಾಶವನ್ನು ಎಂಟು ಪಾಲು ಮಾಡಿ ಎಷ್ಟು ಪಾಲು ಮುಚ್ಚಿದೆ ಎನ್ನಬೇಕು. ಗೊತ್ತಾದ ವೇಗದಲ್ಲಿ ಏರುವ ಬಲೂನು ಮೋಡದಲ್ಲಿ ಮರೆಯಾಗುವ ಕ್ಷಣ ಹಿಡಿದು ತಳದ ಎತ್ತರ ಲೆಕ್ಕ ಹಾಕಬೇಕು. ರಾತ್ರಿಯಾದರೆ ಮೇಲಕ್ಕೆ ಬೆಳಕು ಬಿಟ್ಟು, ಅದು ಮೋಡದಲ್ಲಿ ಮೂಡಿಸಿದ ಚುಕ್ಕೆಯ ಕೋನ ಅಳೆಯಬೇಕು. ಕೈಯಲ್ಲಿ ಬರೆದ ನಕ್ಷೆಯ ಮುಂದೆ ಪೈಲಟ್ ನಿಂತು ಬ್ರೀಫಿಂಗ್ ಕೇಳುತ್ತಿದ್ದ. ತಾನು ದಾರಿಯಲ್ಲಿ ಕಂಡದ್ದನ್ನು ಬಂದು ಹೇಳುತ್ತಿದ್ದ. ಹಿಂದಿನ ವಿಮಾನದವನು ಹೇಳಿದ್ದು ಮುಂದಿನವನಿಗೆ ಸಿಗುತ್ತಿತ್ತು. ಈಗ ಆನ್‌ಲೈನ್‌ನಲ್ಲಿ ಕಡತ ಇಳಿಸಿಕೊಂಡು ಹೋಗುತ್ತಾರೆ. ಕಾಗದ ಉಳಿದಿದೆ, ಮಾತು ಹೋಗಿದೆ.

ಆ ಮಾತಿನಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದ ಲೆಕ್ಕವೊಂದು ಇಂದಿಗೂ ಉಪಯೋಗದ್ದು. ಮೆಟಾರ್‌ನಲ್ಲಿರುವ ಮೋಡದ ಎತ್ತರ ಆ ನಿಲ್ದಾಣದ ನೆಲದಿಂದ, ಸಮುದ್ರಮಟ್ಟದಿಂದ ಅಲ್ಲ. ಬಜ್ಪೆ ಸುಮಾರು 340 ಅಡಿಯಲ್ಲಿದೆ. ಅಲ್ಲಿ ಮೋಡದ ತಳ 1,500 ಅಡಿ ಎಂದರೆ ಸಮುದ್ರಮಟ್ಟದಿಂದ 1,840 ಅಡಿ. ಮಡಿಕೇರಿ ಇರುವುದು ಸುಮಾರು 3,800 ಅಡಿಯಲ್ಲಿ. ಮಂಗಳೂರಿಗೆ ‘ಪರವಾಗಿಲ್ಲ’ ಎನ್ನಿಸುವ ಅದೇ ಮೋಡದ ಹೊಟ್ಟೆಯೊಳಗೆ ಮಡಿಕೇರಿ ಪೂರ್ತಿ ಮುಳುಗಿರುತ್ತದೆ. ಸುಮಾರು 2,350 ಅಡಿಯಲ್ಲಿರುವ ಮೈಸೂರಿನಲ್ಲಿ ಅದೇ ಹೊತ್ತಿಗೆ ಬಿಸಿಲು ಇಣುಕುತ್ತಿರಬಹುದು. ಎರಡು ಮೆಟಾರ್‌ಗಳೂ ನಿಜ; ನಡುವಿನ ಬೆಟ್ಟದ ಬಗ್ಗೆ ಎರಡೂ ಮೌನ.

ಅಪಘಾತಗಳು ಕಲಿಸಿದ ಪಾಠಗಳದ್ದು ಇನ್ನೊಂದು ಧಾರೆ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನ ಬಿದ್ದ ಬಳಿಕ ಫುಜಿಟಾ ಎಂಬ ವಿಜ್ಞಾನಿ, ಸಿಡಿಲುಮೋಡದಿಂದ ನೆಲಕ್ಕಪ್ಪಳಿಸಿ ನಾಲ್ದಿಕ್ಕಿಗೆ ಹರಡುವ ಗಾಳಿಯನ್ನು ಗುರುತಿಸಿ ಮೈಕ್ರೋಬರ್ಸ್ಟ್ ಎಂದರು. ನಮ್ಮ ಏಪ್ರಿಲ್-ಮೇ ತಿಂಗಳ ಸಿಬಿಗಳಿಗೆ ಅದು ನೇರ ಅನ್ವಯ. ಕಾಫಿ ಬೆಳೆಗಾರ ಹೂಮಳೆಗೆ ಕಾಯುವ ಹೊತ್ತಿನಲ್ಲೇ ಪೈಲಟ್ ಆ ಮೋಡಗಳಿಗೆ ಹೆದರುತ್ತಾನೆ. ವಿಮಾನದೊಳಗಿನ ರೇಡಾರ್ ಭಾರಿ ಮಳೆಯ ಹಿಂದೆ ಅಡಗಿದ ಇನ್ನೊಂದು ಮೋಡವನ್ನು ತೋರಿಸದೆ ಹೋಗಬಹುದು, ತೆರೆಯ ಮೇಲಿನ ಖಾಲಿ ಜಾಗವೆಲ್ಲ ಖಾಲಿ ಆಕಾಶವಲ್ಲ ಎಂಬುದು ಹಳೆಯ ಪೈಲಟ್‌ಗಳು ದುಬಾರಿ ಬೆಲೆ ತೆತ್ತು ಕಲಿತ ಪಾಠ.

ಹತ್ತಿರದ ಘಟನೆಗಳನ್ನೇ ನೋಡಿ. 1981ರ ಆಗಸ್ಟ್‌ನಲ್ಲಿ ಬಜ್ಪೆಯ ಒದ್ದೆ ರನ್‌ವೇ ಮೀರಿ ಆವ್ರೋ ವಿಮಾನ ಮುಂದಕ್ಕೆ ಹೋಯಿತು, ಜೀವಹಾನಿಯಾಗಲಿಲ್ಲ. 2010ರ ಮೇ 22ರಂದು ಅಲ್ಲೇ ವಿಮಾನ ದುರಂತದಲ್ಲಿ 158 ಮಂದಿ ಸತ್ತರು. ಅಂದು ಗೋಚರತೆ ಆರು ಕಿಲೋಮೀಟರ್ ಇತ್ತು, ಆ ದುರಂತವನ್ನು ಹವಾಮಾನದ ತಲೆಗೆ ಕಟ್ಟುವುದು ತಪ್ಪು. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ ಮಳೆಯ ನಡುವೆ, ಬೆನ್ನಗಾಳಿಯಲ್ಲಿ ಇಳಿದ ವಿಮಾನ ರನ್‌ವೇಯ ಸುಮಾರು ಅರ್ಧ ದಾಟಿ ನೆಲ ಮುಟ್ಟಿತು; 21 ಜೀವ ಹೋಯಿತು. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಇದ್ದ ಹೆಲಿಕಾಪ್ಟರ್, ಕಣಿವೆಯ ಹವೆ ಹಠಾತ್ತಾಗಿ ಬದಲಾಗಿ ಮೋಡದೊಳಗೆ ಹೊಕ್ಕಿದ್ದರಿಂದ ಪೈಲಟ್‌ಗೆ ದಿಕ್ಕು ತಪ್ಪಿ ಬೆಟ್ಟಕ್ಕೆ ಬಡಿಯಿತೆಂದು ತನಿಖೆ ಹೇಳಿತು. ಕೊಡಗಿನವರು ಎಲ್ಲಕ್ಕಿಂತ ಹೆಚ್ಚು ಓದಬೇಕಾದದ್ದು ಈ ಕೊನೆಯದನ್ನು. ನೋಡಿಕೊಂಡು ಹಾರುವುದಕ್ಕೂ ಉಪಕರಣ ನಂಬಿ ಹಾರುವುದಕ್ಕೂ ನಡುವಿನ ಹೊಸಿಲಿನಲ್ಲೇ ಬೆಟ್ಟದ ಸಾವುಗಳಾಗುತ್ತವೆ.

ಇನ್ನು ಇತ್ತೀಚಿನ ಹಂತ. 1983ರ ಇನ್ಸಾಟ್-1ಬಿ ಮೋಡದ ಮೇಲ್ಭಾಗವನ್ನು ತೋರಿಸಿತು. ಪೈಲಟ್‌ಗೆ ಬೇಕಾದ ತಳವನ್ನಲ್ಲ. ದೇಶದ ಮೊದಲ ಡಾಪ್ಲರ್ ರೇಡಾರ್ 2002ರಲ್ಲಿ ಚೆನ್ನೈಗೆ ಬಂತು. ಕರ್ನಾಟಕದ ಕರಾವಳಿ ಅದಕ್ಕಾಗಿ ಎರಡು ದಶಕಕ್ಕೂ ಹೆಚ್ಚು ಕಾದಿತು. ನೆರೆಯ ಕೇರಳದ ಕೊಚ್ಚಿಯಲ್ಲಿ ರೇಡಾರ್ ಇದ್ದರೂ ಅದರ ಕಿರಣ ಮಡಿಕೇರಿ ತಲುಪುವ ಹೊತ್ತಿಗೆ ಭೂಮಿಯ ಬಾಗುವಿಕೆಯಿಂದಾಗಿ ಆರು ಕಿಲೋಮೀಟರಿಗೂ ಮೇಲಿರುತ್ತದೆ. ಘಟ್ಟದ ಮುಂಗಾರು ಮಳೆ ಬಹುಪಾಲು ಅದರ ಕೆಳಗೇ ಹುಟ್ಟಿ ಸುರಿದುಬಿಡುತ್ತದೆ. ಬೆಂಗಳೂರಿನ ವಿಮಾನಯಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ‘ದೃಷ್ಟಿ’ ಎಂಬ ಗೋಚರತಾ ಮಾಪಕ ಇಂದು ದೇಶದ ಹಲವು ನಿಲ್ದಾಣಗಳಲ್ಲಿದೆ. ಅಳತೆಯವರ ಪರಂಪರೆ ಸತ್ತಿಲ್ಲ ಎಂಬುದಕ್ಕೆ ಅದು ಸಾಕ್ಷಿ. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಆರು ಕಿಲೋಮೀಟರ್ ಚೌಕಗಳಲ್ಲಿ ಮುನ್ಸೂಚನೆ ಕೊಡುತ್ತದೆ. ಸಾಧನೆ ದೊಡ್ಡದೇ. ಆದರೆ ಭಾಗಮಂಡಲದ ಸಂಗಮವೂ ತಲಕಾವೇರಿಯ ಬೆಟ್ಟವೂ ಅಂಥ ಒಂದೇ ಚೌಕದಲ್ಲಿ ಕೂಡಿಹೋಗಬಹುದು. ಮೊಬೈಲ್‌ನ ಬಣ್ಣ ಚೌಕದ ಸರಾಸರಿ. ಹೆಲಿಕಾಪ್ಟರ್ ಹಾರುವುದು ಸರಾಸರಿಯಲ್ಲಲ್ಲ.

ವಿಚಿತ್ರವೆಂದರೆ, ಕೊಡಗಿನಷ್ಟು ಮಳೆ ಅಳೆಯುವ ನಾಡು ಕಡಿಮೆ. ಹಳೆಯ ತೋಟಗಳಲ್ಲಿ ಇಂಚು-ಸೆಂಟಿನ ಲೆಕ್ಕದಲ್ಲಿ ತಲೆಮಾರುಗಳ ಮಳೆ ಪುಸ್ತಕಗಳಿವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಪಂಚಾಯಿತಿ ಪಂಚಾಯಿತಿಯಲ್ಲಿ ನಿಂತಿವೆ. ಅಳತೆಯಾಗುವುದು ನೆಲಕ್ಕೆ ಬಿದ್ದ ನೀರು. ವಿಮಾನದ ದಾರಿಯನ್ನು ತೀರ್ಮಾನಿಸುವ ಮೋಡದ ತಳ, ಗೋಚರತೆ, ಬೆಟ್ಟದ ಬೆನ್ನಿನ ಗಾಳಿ ಲೆಕ್ಕಕ್ಕೆ ಸಿಗುವುದು ಬಜ್ಪೆ, ಮೈಸೂರು ಮತ್ತು 2018ರ ಡಿಸೆಂಬರ್‌ನಲ್ಲಿ ತೆರೆದ ಕಣ್ಣೂರಿನಲ್ಲಿ – ಅಂದರೆ ಕೊಡಗಿನ ಸುತ್ತ. ಅದೇ ವರ್ಷದ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿ ಜನ ಸಿಕ್ಕಿಬಿದ್ದಾಗ ಹೆಲಿಕಾಪ್ಟರ್ ಕಾರ್ಯಾಚರಣೆಗೆ ಅಡ್ಡಿಯಾದದ್ದು ಇದೇ ಹವೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ, ಏರ್ ಮಾರ್ಷಲ್ ನಂದಾ ಕಾರ್ಯಪ್ಪ ಅಂಥವರನ್ನು ವಾಯುಪಡೆಗೆ ಕೊಟ್ಟ ಜಿಲ್ಲೆಯ ಆಕಾಶದ ಬಗ್ಗೆ ನಮಗಿರುವ ತಿಳಿವಳಿಕೆ ಇಷ್ಟು.

ವಿಮಾನ ನಿಲ್ದಾಣದ ಹವಾಗುಣ ಕೋಷ್ಟಕಕ್ಕೆ ಕನಿಷ್ಠ ಐದು ವರ್ಷದ ವೀಕ್ಷಣೆ ಬೇಕೆಂಬುದು ಅಂತರರಾಷ್ಟ್ರೀಯ ಪದ್ಧತಿ. ಆ ಐದು ವರ್ಷ ಇಂದೇ ಶುರುವಾಗಲಿ. ಕೂಡಿಗೆಯಲ್ಲಿ ಒಂದು, ಮಡಿಕೇರಿಯಲ್ಲಿ ಒಂದು, ವಿರಾಜಪೇಟೆಯ ಕಡೆ ಒಂದು, ಹೀಗೆ ಮೋಡದ ತಳ ಅಳೆಯುವ ಸೀಲೋಮೀಟರ್ ಮತ್ತು ಗೋಚರತಾ ಮಾಪಕ ನಿಲ್ಲಿಸಲು ಭೂಸ್ವಾಧೀನ ಬೇಕಿಲ್ಲ, ಒಂದು ಮರ ಕಡಿಯಬೇಕಿಲ್ಲ. ನಿಲ್ದಾಣ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಆ ದಾಖಲೆ ಸಮಾನವಾಗಿ ಉಪಯೋಗ. ನಿಲ್ದಾಣ ಬಾರದೇ ಹೋದರೂ ಮುಂದಿನ ಪ್ರವಾಹದಲ್ಲಿ ಬರುವ ಹೆಲಿಕಾಪ್ಟರ್‌ಗೆ ಅದು ಬೇಕೇ ಬೇಕು. ಗುದ್ದಲಿ ಪೂಜೆಗೆ ಮೊದಲು ಐದು ಮುಂಗಾರಿನ ಮೋಡ ಅಳೆಯಿರಿ. ವರ್ಷದ ಮೂರು ತಿಂಗಳು ಇಲ್ಲಿ ಇಳಿಯಲಾಗದು ಎಂದು ಅಳತೆ ಹೇಳಿದರೆ, ಆ ಮಾತನ್ನು ಒಪ್ಪಿಕೊಳ್ಳಿ.